ಎರಡು ಹೆಜ್ಜೆ ಹಿಂದೆ

ನಮ್ಮ ಮನೆಯ ಅಟ್ಟದಲ್ಲಿ ಹನ್ನೊಂದು ಮದುವೆ ಕ್ಯಾಸೆಟ್ಟುಗಳಿವೆ. ಅವನ್ನು ಹಾಕಿ ನೋಡುವ ಯಂತ್ರ ಮಾತ್ರ ಒಂದೂ ಇಲ್ಲ. ನನ್ನ ಮದುವೆಯದು, ನಾದಿನಿಯದು, ಅಣ್ಣನದು, ಇನ್ನು ಯಾರು ಯಾರದೋ. ಪ್ರತಿ ವರ್ಷ ಆಯುಧಪೂಜೆಗೆ ಮುಂಚೆ ಧೂಳು ಒರೆಸುತ್ತೇನೆ, ಈ ಸಲ ಎಸೆದುಬಿಡೋಣ ಅಂದುಕೊಳ್ಳುತ್ತೇನೆ, ಮತ್ತೆ ಅಲ್ಲೇ ಇಟ್ಟು ಇಳಿದು ಬರುತ್ತೇನೆ. ನಿಮ್ಮ ಮನೆಯಲ್ಲೂ ಹೀಗೇ ಇದ್ದೀತು.

ಆದರೆ ನನಗೆ ನಿಜವಾಗಿ ಬೇಕಾಗಿದ್ದ ಕ್ಯಾಸೆಟ್ಟು ಆ ರಾಶಿಯಲ್ಲಿ ಇಲ್ಲ. ಅದರ ಮೇಲೆ ಯಾರದೋ ಮಗುವಿನ ನಾಮಕರಣ ರೆಕಾರ್ಡ್ ಆಗಿ ಮೂವತ್ತು ವರ್ಷದ ಮೇಲಾಯಿತು. ಆ ನಾಮಕರಣದ ಕೆಳಗೆ ಎಲ್ಲೋ ಒಂದು ಕಡೆ ಎರಡು ಜಡೆಯ ಹುಡುಗಿಯೊಬ್ಬಳು ಓಡಿ ಬಂದು ಬಿದಿರು ಕೋಲಿನ ಮೇಲೆ ಹಾರುತ್ತಿದ್ದಳು. ಆ ಹುಡುಗಿ ನಾನು.

1990ರ ಮಾತು. ಚಿಂತಾಮಣಿ ಆಗ ಕೋಲಾರ ಜಿಲ್ಲೆಯಲ್ಲಿತ್ತು. ಚಿಕ್ಕಬಳ್ಳಾಪುರ ಬೇರೆ ಜಿಲ್ಲೆಯಾದದ್ದು 2007ರಲ್ಲಿ. ನಾನು ಹತ್ತನೇ ಕ್ಲಾಸು. ಹೈಜಂಪಿಗೆ ನಮಗೆ ಇದ್ದದ್ದು ಒಂದು ಮರಳಿನ ಗುಂಡಿ, ಎರಡು ಕಂಬ, ಮಧ್ಯೆ ಒಂದು ಬಿದಿರು ಕೋಲು. ಪಕ್ಕದಿಂದ ಓಡಿ ಬಂದು ಕೋಲಿಗೆ ಹತ್ತಿರವಿರುವ ಕಾಲನ್ನು ಮೊದಲು ಎತ್ತಿ, ಇನ್ನೊಂದನ್ನು ಹಿಂದೆಯೇ ಎಳೆದುಕೊಳ್ಳುವ ಕತ್ತರಿ ಜಿಗಿತ ನಮ್ಮದು. 1.30 ಮೀಟರ್ ಸಲೀಸಾಗಿ ದಾಟುತ್ತಿದ್ದೆ. 1.35ಕ್ಕೆ ಇಟ್ಟರೆ ಸೊಂಟ ತಗುಲಿ ಕೋಲು ಬೀಳುತ್ತಿತ್ತು. ಪಿ.ಟಿ. ಮೇಷ್ಟ್ರು ಒಳ್ಳೆಯವರು. ಎರಡು ತಿಂಗಳು ಬೆಳಗ್ಗೆ ಆರಕ್ಕೇ ಬಂದು ನಿಂತು, "ಸೊಂಟ ಎತ್ತಮ್ಮ, ಸೊಂಟ!" ಎಂದು ಕೂಗಿದರು. ನಾನು ಎತ್ತಿದೆ. ಕೋಲು ಬಿತ್ತು. ಇನ್ನಷ್ಟು ಎತ್ತಿದೆ. ಮತ್ತೆ ಬಿತ್ತು.

ತಾಲ್ಲೂಕು ಕ್ರೀಡಾಕೂಟದ ದಿನ ಸ್ಟುಡಿಯೋದ ಒಬ್ಬಾತ ಹೆಗಲ ಮೇಲೆ ವಿಡಿಯೋ ಕ್ಯಾಮೆರಾ ಹೊತ್ತು ಬಂದಿದ್ದ. ಅವನನ್ನು ಕರೆಸಿದ್ದು ಮುಖ್ಯ ಅತಿಥಿಗಳ ಭಾಷಣ ತೆಗೆಯಲು. ಭಾಷಣ ಬೇಗ ಮುಗಿಯಿತು, ಟೇಪು ಉಳಿಯಿತು, ಹೈಜಂಪು ಹತ್ತಿರದಲ್ಲಿತ್ತು. ನಾನು ವಿಡಿಯೋದಲ್ಲಿ ಸೇರಿದ್ದು ಹೀಗೆ. ಆ ಸಲ 1.30ಕ್ಕೇ ಮೊದಲ ಸ್ಥಾನ ಬಂತು, ಕೋಲಾರಕ್ಕೆ ಆಯ್ಕೆಯೂ ಆಯಿತು. 1.35ಕ್ಕೆ ಎಂದಿನಂತೆ ಕೋಲು ಬಿತ್ತು.

ಮರುವಾರ ಅಣ್ಣ ಸಿನಿಮಾ ನೋಡಲೆಂದು ವಿ.ಸಿ.ಪಿ. ಬಾಡಿಗೆಗೆ ತಂದ. ಸ್ಟುಡಿಯೋದವನನ್ನು ಕಾಡಿ ಬೇಡಿ ಈ ಕ್ಯಾಸೆಟ್ಟನ್ನೂ ತಂದಿದ್ದ. ನಡುಮನೆಯಲ್ಲಿ ಹದಿನೈದು ಜನ. ಅಜ್ಜಿ ಗೋಡೆಗೊರಗಿ ಎಲೆಅಡಿಕೆ ಹಾಕುತ್ತಿದ್ದರು. ಗೌರಿಬಿದನೂರಿನಿಂದ ದೊಡ್ಡಪ್ಪ ಬಂದಿದ್ದರು. ನನ್ನ ಸರದಿ ಬಂತು. ನಾನು ಓಡಿ ಬರುತ್ತಿದ್ದಂತೆ ಅಣ್ಣ ಗುಂಡಿ ಒತ್ತಿ ಚಿತ್ರವನ್ನು ನಿಲ್ಲಿಸಿಬಿಟ್ಟ. ಅಡ್ಡಡ್ಡ ಬಿಳಿ ಗೆರೆಗಳ ನಡುವೆ ನಡುಗುತ್ತಾ ನಿಂತ ಚಿತ್ರ. ಎಲ್ಲರೂ ನಕ್ಕರು. ನಾನು ಮಾತ್ರ ನೋಡುತ್ತಿದ್ದೆ. ಇನ್ನೂ ಕಾಲು ನೆಲದ ಮೇಲೇ ಇದೆ, ಆಗಲೇ ಮೈಯೆಲ್ಲ ಕೋಲಿನ ಕಡೆಗೆ ವಾಲಿಬಿಟ್ಟಿದೆ! ಇಷ್ಟು ವಾಲಿದವಳು ಮೇಲಕ್ಕೆ ಹೋಗುವುದೆಲ್ಲಿ, ಕೋಲಿನ ಮೇಲೇ ಬೀಳಬೇಕು. ಮೇಷ್ಟ್ರು ಎರಡು ತಿಂಗಳಿಂದ ಸೊಂಟ ಸೊಂಟ ಅನ್ನುತ್ತಿದ್ದರು. ತಪ್ಪು ಸೊಂಟದಲ್ಲಿ ಇರಲೇ ಇಲ್ಲ. ಅದು ಎರಡು ಹೆಜ್ಜೆ ಹಿಂದೆ ಇತ್ತು.

"ಅಣ್ಣಾ, ಸ್ವಲ್ಪ ಹಿಂದಕ್ಕೆ ತಗೋ" ಎನ್ನಬೇಕು ಅನ್ನುವಷ್ಟರಲ್ಲಿ ದೊಡ್ಡಪ್ಪ ಮಾತಾಡಿದರು. "ವಯಸ್ಸಿಗೆ ಬಂದ ಹುಡುಗಿ ಹೀಗೆ ಕಾಲೆತ್ತಿ ಹಾರೋದನ್ನ ಊರೆಲ್ಲ ಕೂತ್ಕೊಂಡು ನೋಡ್ಬೇಕಾ? ಸಾಕು, ಆಫ್ ಮಾಡು."

ಅಜ್ಜಿ ಒಬ್ಬರೇ, "ಇನ್ನೊಂದು ಸಲ ಹಾಕೋ, ಎಷ್ಟು ಎತ್ತರ ಹಾರ್ತಾಳೆ ನಮ್ಮ ಹುಡುಗಿ" ಅಂದರು. ಯಾರೂ ಹಾಕಲಿಲ್ಲ. ಕೋಲಾರಕ್ಕೂ ಕಳಿಸಲಿಲ್ಲ. ಅಪ್ಪ ಏನೂ ಹೇಳಲಿಲ್ಲ, ಅಮ್ಮ ಒಳಗೆ ಹೋಗಿ ಒಲೆ ಹೊತ್ತಿಸಿದರು. ಅಲ್ಲಿಗೆ ಮುಗಿಯಿತು.

ಒಂದೇ ಚಿತ್ರ. ನಾನು ಅದರಲ್ಲಿ ಪಾಠ ನೋಡಿದೆ, ದೊಡ್ಡಪ್ಪ ತೀರ್ಪು ನೋಡಿದರು. ಆಮೇಲಿನ ವರ್ಷಗಳಲ್ಲಿ, ಸಿಕ್ಕ ಪುಸ್ತಕ ಪತ್ರಿಕೆಗಳಲ್ಲೆಲ್ಲ, ಚಲಿಸುವ ಮೈಯನ್ನು ಚಿತ್ರದಲ್ಲಿ ಹಿಡಿದು ನಿಲ್ಲಿಸಿದವರ ಕಥೆಯನ್ನು ಹುಡುಕಿಕೊಂಡು ಓದುವ ಒಂದು ಹುಚ್ಚು ನನಗೆ ಹತ್ತಿತು. ಓದುತ್ತಾ ಹೋದಂತೆ ಈ ಪಾಠ ಮತ್ತು ತೀರ್ಪಿನ ಜಗಳ ನಮ್ಮ ನಡುಮನೆಯಲ್ಲಿ ಹುಟ್ಟಿದ್ದಲ್ಲ ಎಂದು ತಿಳಿಯಿತು.

ಕಥೆ ಕುದುರೆಯಿಂದ ಶುರುವಾಗುತ್ತದೆ. ನಮ್ಮ ಸೀಮೆಯ ವೀರಗಲ್ಲುಗಳನ್ನು ನೋಡಿದ್ದೀರಲ್ಲ, ಕುದುರೆ ಮುಂಗಾಲೆರಡನ್ನೂ ಎತ್ತಿ ನೆಗೆಯುತ್ತಿರುತ್ತದೆ. ಯುರೋಪಿನ ಚಿತ್ರಕಾರರೂ ಓಡುವ ಕುದುರೆಯನ್ನು ಬರೆಯುವಾಗ ಮುಂಗಾಲು ಮುಂದಕ್ಕೆ, ಹಿಂಗಾಲು ಹಿಂದಕ್ಕೆ ಚಾಚಿ, ಗಾಳಿಯಲ್ಲಿ ತೇಲುವಂತೆ ಬರೆಯುತ್ತಿದ್ದರು. ನಿಜವಾಗಿ ಕುದುರೆ ಹೇಗೆ ಓಡುತ್ತದೆ, ಅದರ ನಾಲ್ಕು ಕಾಲೂ ಒಮ್ಮೆಲೇ ನೆಲ ಬಿಡುತ್ತವೆಯೇ ಎಂಬುದು ಯಾರ ಕಣ್ಣಿಗೂ ಸಿಕ್ಕಿರಲಿಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ರೈಲ್ವೆ ಸಾಹುಕಾರ ಲೇಲಂಡ್ ಸ್ಟ್ಯಾನ್‌ಫರ್ಡ್‌ ಎಂಬಾತನಿಗೆ ಇದನ್ನು ತಿಳಿಯಬೇಕೆಂಬ ಹಟ. ಅವನಿಗಾಗಿ ಎಡ್ವರ್ಡ್ ಮೈಬ್ರಿಜ್ ಎಂಬ ಛಾಯಾಗ್ರಾಹಕ 1878ರ ಜೂನ್‌ನಲ್ಲಿ ಓಟದ ದಾರಿಯ ಪಕ್ಕ 12 ಕ್ಯಾಮೆರಾಗಳನ್ನು ಸಾಲಾಗಿ ಇಟ್ಟು, ಕುದುರೆ ದಾಟಿದಂತೆ ಒಂದೊಂದೇ ಚಿತ್ರ ತೆಗೆಯುವ ಏರ್ಪಾಡು ಮಾಡಿದ. ನಾಲ್ಕು ಕಾಲೂ ನೆಲ ಬಿಡುವುದು ನಿಜ. ಆದರೆ ಕಾಲು ಚಾಚಿದಾಗ ಅಲ್ಲ. ಎಲ್ಲವನ್ನೂ ಹೊಟ್ಟೆಯ ಕೆಳಗೆ ಮಡಿಸಿಕೊಂಡಾಗ. ಶತಮಾನಗಳಿಂದ ದಿನಾ ಕುದುರೆ ನೋಡುತ್ತಿದ್ದವರು ತಪ್ಪಾಗಿ ನೋಡಿದ್ದರು.

ಆಮೇಲೆ ಮೈಬ್ರಿಜ್ ಮನುಷ್ಯರ ಕಡೆ ತಿರುಗಿದ. 1887ರಲ್ಲಿ ಅವನು ಹೊರತಂದ 781 ಹಾಳೆಗಳ ಸಂಗ್ರಹದಲ್ಲಿ ಓಡುವವರು, ಹಾರುವವರು, ಕುಸ್ತಿ ಮಾಡುವವರು ಇದ್ದಾರೆ. ಮೆಟ್ಟಿಲು ಹತ್ತುವ, ನೀರಿನ ಪಾತ್ರೆ ಹಿಡಿದು ನಡೆಯುವ ಹೆಂಗಸರೂ ಇದ್ದಾರೆ. ಅದೇ ಕಾಲದಲ್ಲಿ ಫ್ರಾನ್ಸಿನ ಮಾರೇ ಎಂಬ ವೈದ್ಯ ವಿಜ್ಞಾನಿ ಕೋವಿಯಂಥ ಕ್ಯಾಮೆರಾ ಮಾಡಿ ಸೆಕೆಂಡಿಗೆ 12 ಚಿತ್ರ ತೆಗೆದ; ಹಕ್ಕಿಯ ರೆಕ್ಕೆಯನ್ನೂ ಮನುಷ್ಯನ ಹೆಜ್ಜೆಯನ್ನೂ ಬಿಡಿಬಿಡಿಸಿ ನೋಡಿದ. ಇವೆಲ್ಲ ದೊಡ್ಡ ಕೆಲಸಗಳೇ. ಆದರೆ ಆ ಹಾಳೆಗಳನ್ನು ಮಾಡಿದ್ದು ಹಣ ಕೊಟ್ಟು ಚಂದಾದಾರರಾದ ವಿದ್ವಾಂಸರಿಗಾಗಿ, ಕಲಾವಿದರಿಗಾಗಿ. ನೀರು ಹೊತ್ತು ನಡೆದ ಹೆಂಗಸಿಗಾಗಿ ಅಲ್ಲ.

ಮೈಯ ಚಿತ್ರವನ್ನು ಅದೇ ಮೈಯವರಿಗೆ ತಿರುಗಿ ತೋರಿಸಬೇಕು ಎಂಬ ಯೋಚನೆಯ ಹಿಂದೆ ಒಬ್ಬ ಹೆಂಗಸೂ ಇದ್ದಳು ಎಂದು ಓದಿದಾಗ ನನಗೆ ಸಂತೋಷವಾಯಿತು. ಹೆಸರು ಲಿಲಿಯನ್ ಗಿಲ್‌ಬ್ರೆತ್. ಮೈಬ್ರಿಜ್ ಕುದುರೆಯ ಚಿತ್ರ ತೆಗೆದ 1878ರಲ್ಲೇ ಹುಟ್ಟಿದವಳು, ಹನ್ನೆರಡು ಮಕ್ಕಳ ತಾಯಿ. ಗಂಡ ಫ್ರಾಂಕ್ ಗಾರೆ ಕೆಲಸದಿಂದ ಮೇಲೆ ಬಂದವನು. ಗಂಡ ಹೆಂಡತಿ ಸೇರಿ 1912ರಿಂದ ಕೆಲಸಗಾರರ ಕೈಗಳ ಸಿನಿಮಾ ತೆಗೆದರು. ಬೆರಳಿಗೆ ಪುಟ್ಟ ದೀಪ ಕಟ್ಟಿ, ಕತ್ತಲಲ್ಲಿ ಕ್ಯಾಮೆರಾದ ಕಣ್ಣನ್ನು ಬಹಳ ಹೊತ್ತು ತೆರೆದಿಟ್ಟರು. ಕೈ ಹೋದ ದಾರಿಯೆಲ್ಲ ಬೆಳಕಿನ ಗೆರೆಯಾಗಿ ಚಿತ್ರದಲ್ಲಿ ಮೂಡಿತು. ಆ ಗೆರೆಯಂತೆ ತಂತಿಯನ್ನು ಬಗ್ಗಿಸಿ, "ನೋಡು, ನಿನ್ನ ಕೈ ಹೀಗೆ ಹೋಗುತ್ತಿದೆ" ಎಂದು ಕೆಲಸಗಾರನ ಮುಂದೆ ಇಟ್ಟರು. 1924ರಲ್ಲಿ ಗಂಡ ತೀರಿಕೊಂಡ ಮೇಲೂ ಆಕೆ ಈ ಕೆಲಸ ಬಿಡಲಿಲ್ಲ; ಅಡುಗೆಮನೆಯಲ್ಲಿ ಹೆಂಗಸು ಎಷ್ಟು ಹೆಜ್ಜೆ ದಂಡ ಮಾಡುತ್ತಾಳೆ ಎಂದು ಅಳೆಯಲು ಹೊರಟಳು.

ಇದನ್ನು ಓದಿದಾಗ ನನ್ನ ಕಣ್ಣಿಗೆ ಕಟ್ಟಿದ್ದು ನಮ್ಮತ್ತೆ. ನನ್ನನ್ನು ಕೊಟ್ಟದ್ದು ಶಿಡ್ಲಘಟ್ಟಕ್ಕೆ. ರೇಷ್ಮೆಯ ಊರು, ನಮ್ಮ ಮನೆಯಲ್ಲೂ ನೂಲು ಬಿಚ್ಚುವ ಕೆಲಸವಿತ್ತು. ಬೆಂದ ಗೂಡುಗಳು ಬಿಸಿ ನೀರಿನಲ್ಲಿ ತೇಲುತ್ತಿರುತ್ತವೆ. ಒಂದೊಂದು ಗೂಡಿನ ಎಳೆಯ ತುದಿಯನ್ನೂ ಹುಡುಕಿ, ಓಡುತ್ತಿರುವ ನೂಲಿಗೆ ತಗುಲಿಸಬೇಕು. ಅತ್ತೆಯ ಬೆರಳು ನೀರಿಗೆ ಇಳಿದದ್ದು ಕಾಣುತ್ತಿತ್ತು, ಎಳೆ ಸೇರಿದ್ದು ಕಾಣುತ್ತಿತ್ತು, ನಡುವೆ ಆದದ್ದು ಏನೆಂದು ಕಾಣುತ್ತಲೇ ಇರಲಿಲ್ಲ. "ಹೇಗೆ ಅತ್ತೆ?" ಎಂದರೆ, "ಹೇಗೆ ಅಂದ್ರೆ? ಹೀಗೆ!" ಎಂದು ಮತ್ತೆ ಅಷ್ಟೇ ಬೇಗ ಮಾಡಿ ತೋರಿಸುತ್ತಿದ್ದರು. ಅವರ ಕೈಗೆ ಗೊತ್ತಿತ್ತು, ಅವರಿಗೆ ಗೊತ್ತಿರಲಿಲ್ಲ. ರೊಟ್ಟಿ ತಟ್ಟುವವರು, ಹೂ ಕಟ್ಟುವವರು ಎಲ್ಲರದೂ ಇದೇ ಕಥೆ. ಮೈ ಏನು ಮಾಡುತ್ತಿದೆ ಎಂದು ನಮಗೆ ಅನ್ನಿಸುವುದು ಬೇರೆ, ಅದು ನಿಜವಾಗಿ ಮಾಡುತ್ತಿರುವುದು ಬೇರೆ. ಎರಡೂ ಒಂದೇ ಆಗಲು ಹೊರಗಿನ ಒಂದು ಕಣ್ಣು ಬೇಕು.

ಆ ಹೊರಗಿನ ಕಣ್ಣು ಯಾರ ಕಡೆಗಿದೆ ಎಂಬುದೂ ಮುಖ್ಯ. ಗಿಲ್‌ಬ್ರೆತ್ ದಂಪತಿಗಳಿಗೆ ಬೇಕಾದದ್ದು ಕೆಲಸಗಾರನ ಆಯಾಸ ಕಡಿಮೆಯಾಗುವುದು. ಆದರೆ ಕಾರ್ಖಾನೆಗಳಲ್ಲಿ ಗಡಿಯಾರ ಹಿಡಿದು ನಿಂತವರನ್ನು ಕೆಲಸಗಾರರು ಅನುಮಾನದಿಂದಲೇ ನೋಡಿದರು. ಅಳತೆ ಮುಗಿದ ಮೇಲೆ ಕೆಲಸ ಹಗುರವಾಗುತ್ತದೋ, ಕೆಲಸದ ಲೆಕ್ಕ ಹೆಚ್ಚಾಗುತ್ತದೋ ಯಾರಿಗೆ ಗೊತ್ತು!

ಇನ್ನು ಹೈಜಂಪಿನ ಕಥೆಗೆ ಬರುತ್ತೇನೆ. ಅಮೆರಿಕದ ಒರೆಗಾನ್ ರಾಜ್ಯದಲ್ಲಿ ಡಿಕ್ ಫಾಸ್‌ಬರಿ ಎಂಬ ಹುಡುಗ ಎಲ್ಲರೂ ಹಾರುವಂತೆ ಹಾರಲಾರದೆ, ಬೆನ್ನನ್ನು ಕೋಲಿಗೆ ಕೊಟ್ಟು ಮಲಗಿದಂತೆ ಹಾರುವುದನ್ನು ತಾನೇ ಕಂಡುಕೊಂಡ. ನೋಡಿದವರು ನಕ್ಕರು. ಕಾಲೇಜಿಗೆ ಬಂದಾಗ ತರಬೇತುದಾರ ಬರ್ನಿ ವ್ಯಾಗ್ನರ್ ಇದನ್ನು ಬಿಡಿಸಿ ಹಳೆಯ ರೀತಿಯನ್ನೇ ಕಲಿಸಲು ನೋಡಿದರು. ಒಂದು ದಿನ ಹುಡುಗನ ಜಿಗಿತವನ್ನು ಸಿನಿಮಾ ಕ್ಯಾಮೆರಾದಲ್ಲಿ ತೆಗೆದು, ಫಿಲ್ಮು ತೊಳೆಸಿ ನೋಡಿದರೆ, ಅವನ ಮೈಗೂ ಕೋಲಿಗೂ ನಡುವೆ ಅರ್ಧ ಅಡಿಯಷ್ಟು ಜಾಗ ಖಾಲಿ! ಬರಿಗಣ್ಣಿಗೆ ವಿಕಾರವಾಗಿ ಕಂಡದ್ದು ಚಿತ್ರದಲ್ಲಿ ಸರಿಯಾಗಿ ಕಂಡಿತು. ವ್ಯಾಗ್ನರ್ ಮನಸ್ಸು ಬದಲಾಯಿಸಿದರು. 1968ರ ಮೆಕ್ಸಿಕೋ ಒಲಿಂಪಿಕ್ಸ್‌ನಲ್ಲಿ ಫಾಸ್‌ಬರಿ 2.24 ಮೀಟರ್ ಹಾರಿ ಚಿನ್ನ ಗೆದ್ದ. ಈಗ ಪ್ರಪಂಚವೆಲ್ಲ ಹಾರುವುದು ಹಾಗೆಯೇ. 2012ರಲ್ಲಿ 1.92 ಮೀಟರ್ ಹಾರಿ ರಾಷ್ಟ್ರೀಯ ದಾಖಲೆ ಮಾಡಿದ ನಮ್ಮ ಕರ್ನಾಟಕದ ಸಹನಾ ಕುಮಾರಿ ಕೂಡ. ಆ ಚಿತ್ರ ನೋಡಿದ ತರಬೇತುದಾರ "ಸಾಕು, ಆಫ್ ಮಾಡು" ಅನ್ನಲಿಲ್ಲ ಎಂಬುದನ್ನು ನಾನು ಗಮನಿಸದೆ ಇರಲಾರೆ.

ನಮ್ಮ ಪೀಳಿಗೆಯ ಹೆಂಗಸರು ಓಡುವ ಹೆಣ್ಣನ್ನು ಮೊದಲು ಕಂಡದ್ದು ಟಿ.ವಿ.ಯಲ್ಲಿ. 1982ರ ದೆಹಲಿ ಏಷ್ಯನ್ ಕ್ರೀಡಾಕೂಟಕ್ಕೆಂದೇ ದೂರದರ್ಶನಕ್ಕೆ ಬಣ್ಣ ಬಂತು. ಎಂ.ಡಿ. ವಲ್ಸಮ್ಮ 400 ಮೀಟರ್ ಹರ್ಡಲ್ಸ್‌ನಲ್ಲಿ ಚಿನ್ನ ಗೆದ್ದದ್ದು ಆಗ. ಎರಡು ವರ್ಷ ಕಳೆದು 1984ರಲ್ಲಿ ಲಾಸ್ ಏಂಜಲೀಸ್ ಒಲಿಂಪಿಕ್ಸ್‌. ಅದೇ ಓಟ, ಪಿ.ಟಿ. ಉಷಾ. 55.42 ಸೆಕೆಂಡು. ರುಮೇನಿಯಾದ ಹುಡುಗಿ 55.41. ಸೆಕೆಂಡಿನ ನೂರನೇ ಒಂದು ಭಾಗದಲ್ಲಿ ಕಂಚು ಕೈತಪ್ಪಿತು. ಬರಿಗಣ್ಣಿಗೆ ಇಬ್ಬರೂ ಒಟ್ಟಿಗೇ ಬಂದಿದ್ದರು. ಯಾರು ಮುಂದೆ ಎಂದು ಹೇಳಿದ್ದು ಗೆರೆಯ ಮೇಲೆ ತೆಗೆದ ಚಿತ್ರ. ಓಟದಲ್ಲಿ ಲೆಕ್ಕಕ್ಕೆ ಬರುವುದು ಕಾಲಲ್ಲ, ತಲೆಯಲ್ಲ, ಎದೆ. ಕೊನೆಯ ಹೆಜ್ಜೆಯಲ್ಲಿ ಎದೆಯನ್ನು ಮುಂದಕ್ಕೆ ಚಾಚಬೇಕು. ಅಷ್ಟು ಚಾಚದೆ ಹೋದೆ ಎಂದು ಉಷಾ ಅವರೇ ಆಮೇಲೆ ಹೇಳಿಕೊಂಡಿದ್ದಾರೆ. ಆ ಚಿತ್ರ ತೀರ್ಪಿನ ಚಿತ್ರ. ಎಲ್ಲ ಮುಗಿದ ಮೇಲೆ ಬಂದದ್ದು. ಅದರ ಪಾಠ ಎಷ್ಟು ನಿಜವಾದರೂ ಆ ಓಟವನ್ನು ಇನ್ನೊಮ್ಮೆ ಓಡುವಂತಿರಲಿಲ್ಲ.

ಪಾಠವಾಗಬೇಕಾದರೆ ಚಿತ್ರ ಬೇಗ ಬರಬೇಕು, ಕಾಲಿನ ನೆನಪು ಆರುವ ಮುಂಚೆ. ಫಾಸ್‌ಬರಿಯ ಫಿಲ್ಮು ತೊಳೆಸಿ ಬರುವವರೆಗೆ ಕಾಯಬೇಕಿತ್ತು. ವಿಡಿಯೋ ಟೇಪಿನಿಂದ ಆ ಕಾಯುವಿಕೆ ತಪ್ಪಿತು. 1963ರ ಡಿಸೆಂಬರಿನಲ್ಲಿ ಅಮೆರಿಕದ ಒಂದು ಫುಟ್‌ಬಾಲ್ ಪಂದ್ಯದಲ್ಲಿ ಆಗಷ್ಟೇ ಆದ ಆಟವನ್ನು ತಕ್ಷಣ ಮತ್ತೆ ತೋರಿಸಿದಾಗ, ಇದು ಮರುಪ್ರಸಾರ, ಹೊಸದಾಗಿ ಮತ್ತೆ ಗೋಲಾಗಿಲ್ಲ ಎಂದು ನಿರೂಪಕ ವಿವರಿಸಬೇಕಾಯಿತಂತೆ. 1976ರಲ್ಲಿ ಜಪಾನಿನಿಂದ ವಿ.ಎಚ್.ಎಸ್. ಕ್ಯಾಸೆಟ್ಟು ಬಂತು. ಹದಿನಾಲ್ಕು ವರ್ಷದಲ್ಲಿ ಅದು ಚಿಂತಾಮಣಿಯ ನಮ್ಮ ನಡುಮನೆಗೂ ಬಂತು. ಯಂತ್ರ ತಡವಾಗಿ ಬಂತೆಂದು ನಾನು ದೂರುವಂತಿಲ್ಲ.

ಈಗ ನಮ್ಮ ರಾಜ್ಯದಲ್ಲೇ ಈ ವಿದ್ಯೆ ಎಷ್ಟು ಬೆಳೆದಿದೆ ನೋಡಿ. ಬಳ್ಳಾರಿ ಜಿಲ್ಲೆಯ ತೋರಣಗಲ್ಲಿನ ಹತ್ತಿರ ವಿದ್ಯಾನಗರದಲ್ಲಿ 2018ರಲ್ಲಿ ಒಂದು ಕ್ರೀಡಾ ಸಂಸ್ಥೆ ಶುರುವಾಯಿತು. ಜಾವೆಲಿನ್‌ನ ನೀರಜ್ ಚೋಪ್ರಾ ಅಲ್ಲಿ ಅಭ್ಯಾಸ ಮಾಡಿದವರು. 2021ರಲ್ಲಿ ಟೋಕಿಯೋದಲ್ಲಿ 87.58 ಮೀಟರ್ ಎಸೆದು ಚಿನ್ನ ಗೆದ್ದಾಗ ಅವರ ಜೊತೆಗಿದ್ದ ತರಬೇತುದಾರ, ಜರ್ಮನಿಯ ಕ್ಲಾಸ್ ಬಾರ್ಟೋನಿಟ್ಜ್, ಮೈಯ ಚಲನೆಯ ಲೆಕ್ಕಾಚಾರವನ್ನೇ ಓದಿದ ವಿದ್ವಾಂಸ. 2025ರ ಜುಲೈ 5ರಂದು ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ನೀರಜ್ 86.18 ಮೀಟರ್ ಎಸೆದು ಗೆದ್ದದ್ದನ್ನು ನಾವು ಮನೆಯವರೆಲ್ಲ ಕೂತು ನೋಡಿದೆವು. ನನ್ನ ಪಕ್ಕ ಕೂತಿದ್ದ ಹುಡುಗಿ ಮಾತ್ರ ಅವರ ಕೈಯನ್ನು ನೋಡುತ್ತಿರಲಿಲ್ಲ. "ಅತ್ತೆ, ಎಡಗಾಲು ನೋಡಿ, ಎಡಗಾಲು" ಅನ್ನುತ್ತಿದ್ದಳು.

ಆ ಹುಡುಗಿ ಗೌರಿಬಿದನೂರಿನವಳು. ಅವತ್ತು "ಆಫ್ ಮಾಡು" ಎಂದರಲ್ಲ ದೊಡ್ಡಪ್ಪ, ಅವರ ಮೊಮ್ಮಗಳು. ಒಂಬತ್ತನೇ ಕ್ಲಾಸು, ಹೈಜಂಪು. ಅವಳ ಊರಿನ ಹತ್ತಿರ 1965ರಿಂದ ಅಣುಶಕ್ತಿ ಇಲಾಖೆಯ ಭೂಕಂಪನ ಅಳೆಯುವ ಕೇಂದ್ರವಿದೆ. ದೂರದ ಯಾವುದೋ ದೇಶದಲ್ಲಿ ನೆಲ ಅದುರಿದರೆ ನಮ್ಮ ಕಾಲಿಗೆ ತಿಳಿಯದೇ ಹೋದರೂ ಅಲ್ಲಿ ಗೆರೆಯಾಗಿ ಮೂಡುತ್ತದೆ. ಈ ಹುಡುಗಿಗೂ ಅಂಥದೇ ಗೀಳು. ಶನಿವಾರ ಸಂಜೆ ಮಂಚೇನಹಳ್ಳಿ ಮೇಲಿನ ಬಸ್ಸು ಹಿಡಿದು ಚಿಕ್ಕಬಳ್ಳಾಪುರದ ನಮ್ಮ ಮನೆಗೆ ಬರುತ್ತಾಳೆ. ಭಾನುವಾರ ಬೆಳಗ್ಗೆ ಅಭ್ಯಾಸ. ಮೆತ್ತನೆಯ ದಪ್ಪ ಹಾಸು ಇದ್ದ ಕಡೆ ಮಾತ್ರ ಬೆನ್ನು ಕೊಟ್ಟು ಹಾರುವುದು. ಮರಳಿನ ಗುಂಡಿಯಲ್ಲಿ ಹಾಗೆ ಬಿದ್ದರೆ ಕತ್ತು ಮುರಿದೀತು. ಫೋನು ಹಿಡಿಯುವ ಕೆಲಸ ನನ್ನದು.

ಮೊದಲ ತಿಂಗಳು ನಾನು ಮಾಡಿದ್ದೆಲ್ಲ ತಪ್ಪೇ. ಹಾರಿದ್ದಕ್ಕೆಲ್ಲ ವಿಡಿಯೋ, ಪ್ರತಿ ವಿಡಿಯೋಗೂ ಆರು ತಪ್ಪು. ಮೂವತ್ತು ವರ್ಷ ಬಾಯಿಗೆ ಬೀಗ ಹಾಕಿಕೊಂಡಿದ್ದವಳು ಸಿಕ್ಕಿದ್ದೇ ಸಾಕೆಂದು ಎಲ್ಲವನ್ನೂ ಅವಳ ಮೇಲೆ ಸುರಿದೆ. ಹುಡುಗಿ ಇನ್ನೂ ಕಡಿಮೆ ಹಾರತೊಡಗಿದಳು. ಕೊನೆಗೆ ಅವಳ ಪಿ.ಟಿ. ಮೇಡಂ ನನ್ನನ್ನು ಪಕ್ಕಕ್ಕೆ ಕರೆದು, "ನೀವು ತೀರ್ಪು ಕೊಡ್ತಿದ್ದೀರಿ ಮೇಡಂ" ಅಂದರು. ನನ್ನ ಮುಖಕ್ಕೆ ಹೊಡೆದಂತಾಯಿತು.

ಅವರು ಕಲಿಸಿದ ಕ್ರಮ ಇದು. ನಿಮ್ಮ ಮನೆಯಲ್ಲೂ ಆಡುವ ಮಕ್ಕಳಿದ್ದರೆ ಉಪಯೋಗವಾದೀತು. ಫೋನನ್ನು ಕೈಯಲ್ಲಿ ಹಿಡಿದು ಮಗುವಿನ ಹಿಂದೆ ತಿರುಗಿಸಬಾರದು; ಒಂದು ಕಡೆ ಅಲ್ಲಾಡದಂತೆ, ಸೊಂಟದ ಎತ್ತರಕ್ಕೆ ನಿಲ್ಲಿಸಬೇಕು. ಕೊನೆಯ ಮೂರು ನಾಲ್ಕು ಹೆಜ್ಜೆಯೂ ಜಿಗಿತವೂ ಪೂರ್ತಿ ಕಾಣುವಷ್ಟು ದೂರ ಇರಬೇಕು. ನಿಧಾನಗತಿಯಲ್ಲಿ ತೆಗೆಯಬೇಕು. ಹಾರುವಾಗ ಪಾದ ನೆಲಕ್ಕೆ ಊರಿರುವುದು ಸೆಕೆಂಡಿನ ಐದನೇ ಒಂದು ಭಾಗಕ್ಕಿಂತಲೂ ಕಡಿಮೆ ಹೊತ್ತು. ನನ್ನ ಕಾಲದ ಕ್ಯಾಸೆಟ್ಟಿನಲ್ಲಿ ಸೆಕೆಂಡಿಗೆ 25 ಚಿತ್ರ, ಅಂದರೆ ಆ ಹೊತ್ತಿಗೆ ಸಿಕ್ಕುತ್ತಿದ್ದದ್ದು ನಾಲ್ಕೇ ಚಿತ್ರ. ಈಗಿನ ಎಷ್ಟೋ ಫೋನುಗಳು ಸೆಕೆಂಡಿಗೆ 240 ತೆಗೆಯುತ್ತವೆ. ನಾಲ್ಕರ ಜಾಗದಲ್ಲಿ ನಲವತ್ತು. ಹಾರಿ ಎದ್ದು ಬಂದ ಕೂಡಲೇ ತೋರಿಸಬಾರದು. ಮೊದಲು, "ನಿನಗೆ ಹೇಗನ್ನಿಸ್ತು?" ಎಂದು ಕೇಳಬೇಕು. ಅವಳು ಹೇಳಿದ ಮೇಲೆ ಚಿತ್ರ. ಒಂದು ಸಲಕ್ಕೆ ಒಂದೇ ಮಾತು. ಹತ್ತು ಸಲ ಹಾರಿದರೆ ಎರಡು ಮೂರು ಸಲ ನೋಡಿದರೆ ಸಾಕು. ಹೆಚ್ಚಾದರೆ ಮೈಯ ಮಾತು ಕೇಳುವುದನ್ನು ಬಿಟ್ಟು ಮಗು ಫೋನಿಗೆ ಕಾಯುತ್ತದೆ. ಎಲ್ಲಕ್ಕಿಂತ ದೊಡ್ಡ ನಿಯಮವೆಂದರೆ ಯಾವಾಗ ನೋಡಬೇಕು ಎಂದು ಹೇಳುವವಳು ಅವಳು. ತಾನೇ ಕೇಳಿ ನೋಡಿದ್ದು ಚೆನ್ನಾಗಿ ನಿಲ್ಲುತ್ತದೆ ಎಂದು ಹಲವು ಅಧ್ಯಯನಗಳೂ ಹೇಳಿವೆಯಂತೆ.

ಇನ್ನೊಂದು ನಿಯಮ ನಾನು ಸೇರಿಸಿದೆ. ವಿಡಿಯೋ ಅವಳ ಅಮ್ಮನ ಫೋನಿನಲ್ಲೇ ಇರಬೇಕು. ಸಂಜೆಗೆ ಬೇಕಾದ ಒಂದನ್ನು ಉಳಿಸಿ ಬೇರೆಲ್ಲ ಅಳಿಸಬೇಕು. ಯಾರ ಸ್ಟೇಟಸ್ಸಿಗೂ, ಯಾವ ಗುಂಪಿಗೂ ಹೋಗಬಾರದು. ಅವತ್ತು ಹದಿನೈದು ಜನ ನೋಡಿದ್ದರು. ಇವತ್ತು ಹದಿನೈದು ಸಾವಿರ ಜನ ನೋಡಬಹುದು. ಎಲ್ಲರೂ ಪಾದವನ್ನೇ ನೋಡುವುದಿಲ್ಲ.

ಒಂದು ಭಾನುವಾರ ಅವಳ ಕೋಲು ಮೇಲಿಂದ ಮೇಲೆ ಬೀಳುತ್ತಿತ್ತು. ಸೊಂಟ ತಗುಲುತ್ತಿತ್ತು. ನಾನು ತುಟಿ ಕಚ್ಚಿಕೊಂಡು ಸುಮ್ಮನಿದ್ದೆ. ಅವಳೇ ಬಂದು ಫೋನು ತಗೊಂಡು ಬೆರಳಿನಿಂದ ಚಿತ್ರವನ್ನು ಹಿಂದಕ್ಕೆ, ಇನ್ನೂ ಹಿಂದಕ್ಕೆ ಎಳೆದಳು. ಬಾಗಿ ಓಡಿ ಬರುವಾಗ ಮೈ ಕೋಲಿನಿಂದ ಆಚೆಗೆ ವಾಲಿರಬೇಕು. ಅವಳು ಕೊನೆಗೆ ಆತುರಪಟ್ಟು ಭುಜವನ್ನು ಕೋಲಿನ ಕಡೆಗೆ ಬಿಡುತ್ತಿದ್ದಳು. "ಅತ್ತೆ, ಸೊಂಟ ಅಲ್ಲ ಇದು. ಇಲ್ಲೇ ಕೆಟ್ಟಿದೆ" ಎಂದು ತೋರಿಸಿದಳು. ಎರಡು ಹೆಜ್ಜೆ ಹಿಂದೆ. ನಾನು ನೀರಿನ ಬಾಟಲಿ ಹುಡುಕುವ ನೆಪದಲ್ಲಿ ಆಚೆ ತಿರುಗಿದೆ.

ಕಳೆದ ದೀಪಾವಳಿಗೆ ಗೌರಿಬಿದನೂರಿಗೆ ಹೋಗಿದ್ದೆವು. ದೊಡ್ಡಪ್ಪನಿಗೆ ಎಂಬತ್ತಾರು, ಒಂದು ಕಣ್ಣಿಗೆ ಪೊರೆ ತೆಗೆಸಿದ್ದಾರೆ. ಮೊಮ್ಮಗಳು ಉಳಿಸಿಟ್ಟಿದ್ದ ಜಿಗಿತವನ್ನು ಅವರಿಗೆ ತೋರಿಸಿದಳು. ಅವಳೇ ತೋರಿಸಿದಳು, ನಾನು ಹೇಳಿರಲಿಲ್ಲ. ಅವರು ಫೋನನ್ನು ಕಣ್ಣಿನ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದರು.

"ಯಾಕೆ ಇಷ್ಟು ನಿಧಾನ ಹಾರ್ತಾಳೆ ಇವಳು?"

ಮನೆಯೆಲ್ಲ ನಕ್ಕಿತು. ನಿಧಾನಗತಿ ಅಂದರೇನು, ಪಾದ ಎಲ್ಲಿ ಊರುತ್ತದೆ, ಅದನ್ನು ನೋಡಿ ತಿದ್ದಿಕೊಳ್ಳುವುದು ಹೇಗೆ ಎಂದು ಹುಡುಗಿ ಅವರ ಪಕ್ಕ ಕೂತು ವಿವರಿಸಿದಳು. ಅವರು ತಲೆಯಾಡಿಸುತ್ತಾ ಕೇಳಿದರು. ಆಮೇಲೆ ಅವಳ ಕಡೆ ನೋಡದೆ ನನ್ನ ಕಡೆ ನೋಡಿ, "ಆಗ ಇದೆಲ್ಲ ಇರ್ಲಿಲ್ಲ ಅಲ್ವೇನಮ್ಮಾ" ಅಂದರು.

ಇತ್ತು ದೊಡ್ಡಪ್ಪ, ಅನ್ನಬಹುದಿತ್ತು. ಬಾಡಿಗೆಯ ವಿ.ಸಿ.ಪಿ. ಇತ್ತು, ನಾಲ್ಕು ಚಿತ್ರವಾದರೂ ಇತ್ತು. ಅನ್ನಲಿಲ್ಲ. ಅಷ್ಟರಲ್ಲಿ ಅವರು ಫೋನನ್ನು ಮೊಮ್ಮಗಳ ಕೈಗೆ ಕೊಟ್ಟು, ಇನ್ನೊಂದು ಸಲ ಹಾಕು ಎಂದಿದ್ದರು.